ಮಡಿ ಮಾಡಿದ ಕರು

ಆ ಊರಲ್ಲಿ ಯಾವ ಪ್ರಾಣೀನೂ ಬರಿಗೈಲಿ ಹುಟ್ತಿರಲಿಲ್ಲ. ಪ್ರಾಣಿಗೆ ಕೈ ಎಲ್ಲಿದೆ ಅಂತ ಕೇಳಬೇಡಿ, ಮಾತಿಗೆ ಹೇಳಿದ್ದು. ಕರು ಹುಟ್ಟಲಿ, ಕುರಿಮರಿ ಹುಟ್ಟಲಿ, ಮೊಟ್ಟೆ ಒಡೆದು ಕೋಳಿಮರಿ ಈಚೆ ಬರಲಿ, ಅದರ ಹಿಂದೇನೇ ಒಂದು ಬಟ್ಟೆ ಬರ್ತಿತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳು, ಬೆರಳಷ್ಟು ಅಗಲ, ಉದ್ದ ಮಾತ್ರ ಊರಿಂದ ಗುಡ್ಡಕ್ಕೆ ಹೋಗಿ ವಾಪಸ್ ಬರೋಷ್ಟು. ಅದಕ್ಕೆ ಹುಟ್ಟುಬಟ್ಟೆ ಅಂತಿದ್ರು. ಅಷ್ಟುದ್ದದ ಬಟ್ಟೇನ ಮಡಿಸಿ ಮಡಿಸಿ, ಹುಣಸೆ ಬೀಜದಷ್ಟು ಸಂಚಿಯೊಳಗೆ ಇಟ್ಟು, ಆ ಪ್ರಾಣಿ ಕೊರಳಿಗೇ ಕಟ್ಟಬೇಕು. ಅದೂ ಮರಿ ತನ್ನ ಕಾಲ ಮೇಲೆ ತಾನು ಎದ್ದು ನಿಲ್ಲೋದರೊಳಗೆ. ಇದು ಊರಿನ ಕಟ್ಟಳೆ. ಯಾರು ಮಾಡಿದ ಕಟ್ಟಳೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಹೋಗಿ ಜಗಳ ಆಡ್ತಿದ್ರು.

ಬಟ್ಟೆ ಉದ್ದಕ್ಕೂ ಬೊಟ್ಟುಗಳಿರ್ತಿದ್ವು. ಕೊಂಬಿನ ಬೊಟ್ಟು, ಗೊರಸಿನ ಬೊಟ್ಟು, ಹಾಲಿನ ಬೊಟ್ಟು, ನಾಲಿಗೆ ಬೊಟ್ಟು. ಹಾಲಿನ ಬೊಟ್ಟು ಊರ ಹತ್ರ ಬಿದ್ದಿದ್ರೆ ನಾಲಿಗೆ ಬೊಟ್ಟು ಗುಡ್ಡದ ಹತ್ರ ಬಿದ್ದಿರ್ತಿತ್ತು. ಅಷ್ಟು ದೂರ ಇದ್ಕೊಂಡು ಒಂದರ ಮಾತು ಇನ್ನೊಂದಕ್ಕೆ ಹೇಗೆ ಕೇಳಿಸಬೇಕು? ಮಡಿಸಿದಾಗ ಎರಡೂ ಒಂದರ ಪಕ್ಕ ಒಂದು ಬಂದು ಕೂತ್ರೆ ಕೇಳಿಸ್ತಿತ್ತು. ಬೊಟ್ಟಿಗೆ ಬೊಟ್ಟು ತಾಗಿದ್ರೆ ನಾಲಿಗೆಗೆ ಹಾಲು ಗೊತ್ತು. ತಾಗದಿದ್ರೆ ಗೊತ್ತಿಲ್ಲ. ಅಷ್ಟೇ.

ಬೊಟ್ಟು ಬಿಟ್ರೆ ಬಟ್ಟೆ ಮೇಲೆ ಇರ್ತಿದ್ದೋರು ನೆಂಟರು. ನೆಂಟರು ಅಂದ್ರೆ ಉತ್ತರಾಣಿ ಕಾಳಿನ ಥರದ, ಕೊಕ್ಕೆ ಇರೋ ಕಾಳುಗಳು. ಯಾವ ಕಾಲದಲ್ಲೋ ಎಲ್ಲಿಂದಲೋ ಬಂದು ಅಂಟ್ಕೊಂಡೋರು. ಕೆಲವರು ಕೂತ ಕಡೆ ಕೂರದೆ ಬಟ್ಟೆ ಮೇಲೆ ಅಲ್ಲಿಂದ ಇಲ್ಲಿಗೆ ನೆಗೀತಿದ್ರು. ಕೆಲವರು ತಮ್ಮ ಜಾಗದಲ್ಲಿ ತಮ್ಮಂಥೋನೇ ಇನ್ನೊಬ್ಬನ್ನ ಕೂರಿಸಿ ಆಮೇಲೆ ನೆಗೀತಿದ್ರು. ಮುಕ್ಕಾಲುಪಾಲು ಜನ ಮಾತ್ರ ವಯಸ್ಸಾಗಿ, ಒಣಗಿ, ಕೂತಲ್ಲೇ ಕೂತಿದ್ರು. ತಾಯಿ ಬಟ್ಟೇಲಿದ್ದೋರು ಮರಿ ಬಟ್ಟೇಲೂ ಇರ್ತಿದ್ರು. ಕರೀದೆ ಬಂದೋರು, ಬಂದಮೇಲೆ ಹೋಗದೋರು. ಅದಕ್ಕೇ ಆ ಹೆಸರು.

ಬಟ್ಟೆ ಮಡಿಸೋ ಕೆಲಸಕ್ಕೆ ಆ ಊರಲ್ಲಿ "ಮಡಿ ಮಾಡೋದು" ಅಂತಿದ್ರು. ಒಗೆದು ಶುದ್ಧ ಮಾಡೋದಕ್ಕೂ "ಮಡಿ ಮಾಡೋದು" ಅಂತಲೇ ಅಂತಿದ್ರು. ಊರೇನೂ ಬಡವಲ್ಲ, ಮಾತಲ್ಲಿ ಮಾತ್ರ ಜಿಪುಣ. ಗೊಂದಲ ಆಗಬಾರ್ದು ಅಂತ ಜೊತೆಗೆ ಕೈಯಲ್ಲಿ ತೋರಿಸ್ತಿದ್ರು. ಅಂಗೈ ಮೇಲೆ ಅಂಗೈ ಮಡಿಸಿ ಇಟ್ರೆ ಮಡಿಸೋದು. ಬೆರಳು ಕೊಡವಿದ್ರೆ ಒಗೆಯೋದು. ಸತ್ತರು ಅನ್ನೋದಕ್ಕೂ "ಮಡಿದರು" ಅಂತಿದ್ರು. ಅದಕ್ಕೆ ಕೈ ಬೇಕಾಗ್ತಿರಲಿಲ್ಲ.

ಊರಿಗೆಲ್ಲ ಬಟ್ಟೆ ಮಡಿಸ್ತಿದ್ದೋಳು ಒಬ್ಬ ಮುದುಕಿ. ಅವಳಿಗೊಬ್ಬ ಸೊಸೆ. ಇದ್ದಷ್ಟು ದಿನ ಮುದುಕಿ ಸೊಸೇನ ಜಗಲಿ ಹತ್ತೋಕೆ ಬಿಡಲಿಲ್ಲ. "ಆಮೇಲೆ ಹೇಳ್ಕೊಡ್ತೀನಿ, ಹೋಗೇ" ಅಂತಿದ್ಲು. ಸೊಸೆ ಬಾಗಿಲ ಸಂದೀಲಿ ನಿಂತು ನೋಡ್ತಿದ್ಲು. ಅವಳು ಕಲ್ತಿದ್ದೆಲ್ಲ ಅತ್ತೆ ಬೆನ್ನು.

ಆಮೇಲೆ ಅನ್ನೋದು ಬಂತು. ಅತ್ತೆ ಚಾಪೆ ಹಿಡಿದ್ಲು. ಸೊಸೇನ ಹತ್ರ ಕರೆದು, "ನೆಂಟರನ್ನ ನೋಡ್ಕೊಂಡು ಮಡಿ ಮಾಡೇ" ಅಂದ್ಲು. ಕೈ ಎತ್ತಿ ತೋರಿಸೋಕೆ ಹೋದ್ಲು.

ಕೈ ಏಳಲಿಲ್ಲ.

ಹೀಗೆ ಅತ್ತೆ ಮಡಿದ್ಲು, ಸೊಸೆ ಊರಿಗೆ ಬಟ್ಟೆ ಮಡಿಸೋ ಮಡಿಕೆಯವಳಾದ್ಲು. ಅತ್ತೆ ಮಾತನ್ನ ತಲೇಲಿ ತಿರುಗಿಸಿ ನೋಡಿದ್ಲು. ನೆಂಟರನ್ನ ನೋಡ್ಕೋ ಅಂದ್ರೆ ಹುಷಾರಾಗಿರು ಅಂತ. ಮಡಿ ಮಾಡು ಅಂದ್ರೆ ಶುದ್ಧ ಮಾಡು ಅಂತ. ಇದರಲ್ಲಿ ತಿಳೀದೇ ಇರೋದೇನಿದೆ?

ಅವಳ ಜಗಲಿಗೆ ಮೊದಲು ಬಂದಿದ್ದು ಎಮ್ಮೆಯಜ್ಜಿ. ಎಮ್ಮೆಯಜ್ಜಿಗೆ ಇದ್ದಿದ್ದು ಒಂದೇ ಎಮ್ಮೆ. ಆ ಎಮ್ಮೆ ಬಹಳ ವರ್ಷ ಬರಡಾಗಿದ್ದು ಅವತ್ತು ಒಂದು ಕರು ಹಾಕಿತ್ತು. ಅಜ್ಜಿ ಬಟ್ಟೆ ಸುತ್ತಿಕೊಂಡು ಓಡಿ ಬಂದ್ಲು. "ಬೇಗ ಕಣವ್ವ, ಆಗ್ಲೇ ಮುಂಗಾಲು ಊರ್ತಿದೆ" ಅಂದ್ಲು.

ಮಡಿಕೆಯವಳು ಬಟ್ಟೇನ ಹೊಳೇಲಿ ಜಾಲಿಸಿದ್ಲು. ಒಬ್ಬೊಬ್ಬ ನೆಂಟನ್ನೂ ಉಗುರಲ್ಲಿ ಕಿತ್ಲು. ಒಣಗಿದೋರನ್ನೂ ಕಿತ್ಲು, ನೆಗೆಯೋರನ್ನೂ ಹಿಡಿದು ಕಿತ್ಲು. ಕಿತ್ತೋರನ್ನೆಲ್ಲ ಒಲೆಗೆ ಹಾಕಿದ್ಲು. ಒಗ್ಗರಣೇಲಿ ಸಾಸಿವೆ ಸಿಡಿದ ಹಾಗೆ ಸಿಡಿದ್ರು. ಆ ಸದ್ದು ಕೇಳಿ ಅವಳಿಗೆ ಖುಷಿಯಾಯ್ತು. ಆಮೇಲೆ ಆ ಖುಷಿ ನೆನೆಸ್ಕೊಂಡು ಎಷ್ಟು ಸಲ ಕಿವಿ ಮುಚ್ಕೊಂಡಳೋ, ಆದ್ರೆ ಅವತ್ತು ಖುಷಿಯಾಗಿದ್ದು ನಿಜ. ಆಮೇಲೆ ಅಂಚಿಗೆ ಅಂಚು ಸೇರಿಸಿ ಮಡಿಸಿ ಸಂಚಿಗೆ ಹಾಕಿದ್ಲು. ಅಷ್ಟು ಶುಭ್ರವಾದ ಹುಟ್ಟುಬಟ್ಟೇನ ಊರು ಕಂಡೇ ಇರಲಿಲ್ಲ.

ಕರು ಎದ್ದು ನಿಂತ್ಕೊಳ್ತು. ಎಮ್ಮೆ ನೆಕ್ಕಿತು. ಅಜ್ಜಿ ಕರೂನ ಕೆಚ್ಚಲ ಹತ್ರ ತಳ್ಳಿದ್ಲು. ಕರು ಕೆಚ್ಚಲನ್ನ ಮೂಸಿ, ಯಾರದೋ ಮನೆ ಗೋಡೆ ಅನ್ನೋ ಹಾಗೆ ನೋಡಿ, ಹೋಗಿ ಕೊಟ್ಟಿಗೆ ಕಂಬ ಚೀಪೋಕೆ ಶುರು ಮಾಡ್ತು.

ಕಂಬ ಚೀಪ್ತು. ಅಜ್ಜಿ ಮೊಣಕೈ ಚೀಪ್ತು. ನೋಡೋಕೆ ಬಂದ ಊರ ಯಜಮಾನನ ಪಂಚೆ ಚುಂಗು ಚೀಪ್ತು. ಯಜಮಾನ ಪಂಚೆ ಬಿಡಿಸಿಕೊಳ್ಳೋಕೆ ಎಳೆದ, ಕರು ಗಟ್ಟಿ ಹಿಡೀತು, ಊರವರು ಬೇರೆ ಕಡೆ ತಿರುಗಿ ನಿಂತು ಮರ್ಯಾದೆ ಕಾಪಾಡಿದ್ರು. ಹಾಲು ಒಂದು ಬಿಟ್ಟು ಲೋಕದಲ್ಲಿರೋದನ್ನೆಲ್ಲ ಅದು ಚೀಪ್ತು. ಕೊನೆಗೆ ಮಡಿಕೆಯವಳ ಸೆರಗು ಸಿಕ್ತು. ಸಿಕ್ಕಿದ ಮೇಲೆ ಬಿಡಲಿಲ್ಲ.

ಅವಳು ಹೊಳೆಗೆ ಹೋದ್ರೆ ಕರು ಹೊಳೆಗೆ. ಅವಳು ಹಿತ್ತಲಿಗೆ ಹೋದ್ರೆ ಕರು ಹಿತ್ತಲಿಗೆ. ಹಿಂದೆ ಹಿಂದೆ, ಸೆರಗಿನ ತುದಿ ಬಾಯಲ್ಲಿ. "ನೋಡ್ರಪ್ಪ, ಮೂಕ ಪ್ರಾಣಿಗೂ ಮಡಿ ಹೆಂಗಸು ಯಾರು ಅಂತ ಗೊತ್ತು" ಅಂದ್ರು ಊರವರು. ಎಮ್ಮೆಯಜ್ಜಿ ಮಾತ್ರ ಹಳೇ ಸೀರೆ ಚೂರನ್ನ ಹಾಲಲ್ಲಿ ಅದ್ದಿ, ಕರು ದವಡೆ ಬಿಡಿಸಿ, ಹನಿ ಹನಿ ಹಿಂಡ್ತಿದ್ಲು. ಅರ್ಧ ಒಳಗೆ, ಅರ್ಧ ನೆಲಕ್ಕೆ. ಕರು ಪಕ್ಕೆಲುಬು ಕಾಣೋಕೆ ಶುರುವಾಯ್ತು.

"ಇದು ಉಳಿಯುತ್ತಾ ಕಣವ್ವ?" ಅಂತ ಅಜ್ಜಿ ಕೇಳಿದ್ಲು.

"ಉಳಿಯುತ್ತೆ ಅಜ್ಜಿ" ಅಂದ್ಲು ಮಡಿಕೆಯವಳು.

ಅವತ್ತು ಮಧ್ಯಾಹ್ನ ಯಾರೂ ಇಲ್ಲದಾಗ ಅವಳು ಕರು ಕೊರಳಿನ ಸಂಚಿ ಬಿಚ್ಚಿ ನೋಡಿದ್ಲು. ಬಟ್ಟೆ ಸರ್ರಂತ ಜಾರಿ ಮಡಿಲಿಗೆ ಬಿತ್ತು, ಕರು ನೆಲಕ್ಕೊರಗಿತು. ಅಷ್ಟು ಚೆಂದ ಹಾಕಿದ್ದ ಮಡಿಕೆ ಒಂದೂ ನಿಂತಿರಲಿಲ್ಲ. ಮತ್ತೆ ಮಡಿಸಿದ್ಲು, ಮತ್ತೆ ಜಾರ್ತು. ನಾಲಿಗೆ ಬೊಟ್ಟು ಒಂದು ಮೂಲೇಲಿ ಒಂಟಿಯಾಗಿ ಕೂತಿತ್ತು, ಹಾಲಿನ ಬೊಟ್ಟು ಎಲ್ಲೋ ಕೆಳಗೆ ಹೂತು ಹೋಗಿತ್ತು. ಅವಳು ಬಟ್ಟೆ ನೋಡ್ತಾ ಕೂತ್ಲು. ಆಗ ಹೊಳೀತು: ನೆಂಟನ ಕೊಕ್ಕೆಗೆ ನೆಂಟನ ಕೊಕ್ಕೆ ಸಿಕ್ಕಿಸಿಕೊಂಡೇ ಮಡಿಕೆ ನಿಲ್ತಿತ್ತು. ಕೂತೋರು ಸುಮ್ಮನೆ ಕೂತಿರಲಿಲ್ಲ, ಹಿಡ್ಕೊಂಡು ಕೂತಿದ್ರು. ನೆಂಟರನ್ನ ನೋಡ್ಕೊಂಡು ಮಡಿ ಮಾಡು. ಅತ್ತೆ ಕೈ ಎದ್ದಿದ್ರೆ ಯಾವ ಕಡೆ ಹೋಗ್ತಿತ್ತು ಅಂತ ಈಗ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸ್ತು.

ಬಟ್ಟೇನ ಹೇಗೋ ತುರುಕಿ, ಸಂಚಿ ಕಟ್ಟಿ, ಎದ್ದು ಕೈ ತೊಳ್ಕೊಂಡ್ಲು. ಕರು ಎದ್ದು ಸೆರಗು ಹುಡುಕ್ಕೊಂಡು ಬಂತು.

ಹೇಳಬೇಕು ಅಂತ ಅವಳು ಹೊರಟಳು. ಅಷ್ಟರಲ್ಲಿ ಊರು ಅರಳಿಕಟ್ಟೆ ಹತ್ರ ಸೇರಿತ್ತು. ಕರು ಯಾಕೆ ಹೀಗಾಯ್ತು ಅಂತ ಮಾತು. "ಯಾವನೋ ಒಬ್ಬ ನೆಂಟ ಉಳ್ಕೊಂಡಿರಬೇಕು" ಅಂದ ಒಬ್ಬ. "ಈ ನೆಂಟರು ಬರೋದಾದ್ರೂ ಎಲ್ಲಿಂದ?" ಅಂದ ಇನ್ನೊಬ್ಬ. ಎಲ್ಲರೂ ಊರಾಚೆ ನೋಡಿದ್ರು. ಅಲ್ಲಿ ಕುರಿಯವನು ಮಂದೆ ಬಿಟ್ಕೊಂಡು ಕೂತಿದ್ದ. ಅವನು ಊರೂರು ತಿರುಗೋನು. ಅವನ ಕುರಿಗಳ ಉಣ್ಣೆ ತುಂಬ ಊರೂರಿನ ಕಾಳು.

"ಏಯ್, ನಿನ್ನ ಮಂದೆ ಎಬ್ಬಿಸ್ಕೊಂಡು ಹೊರಡು" ಅಂದ ಯಜಮಾನ. "ನಿನ್ನಿಂದ ನಮ್ಮೂರ ತಳಿ ಕೆಡ್ತಿದೆ."

"ಆಗ್ಲಿ ಬಿಡಿ" ಅಂದ ಕುರಿಯವನು. ಕಂಬಳಿ ಕೊಡವಿ ಹೆಗಲಿಗೆ ಹಾಕ್ಕೊಂಡ. ಕಂಬಳಿಯಿಂದ ನಾಲ್ಕು ಕಾಳು ಉದುರಿದ್ವು. ಊರವರು ಹಾವು ಕಂಡ ಹಾಗೆ ಹಿಂದೆ ಸರಿದ್ರು.

ಮಡಿಕೆಯವಳು ಅಲ್ಲೇ ನಿಂತಿದ್ಲು. ಬಾಯಿ ತೆಗೆದ್ಲು. ಕರು ಸೆರಗು ಎಳೀತು. ಬಾಯಿ ಮುಚ್ಚಿದ್ಲು. ಕರು ಎಳೀತಲ್ಲ, ಅದಕ್ಕೇ ಹೇಳೋಕೆ ಆಗಲಿಲ್ಲ ಅಂತ ತನಗೆ ತಾನೇ ಹೇಳ್ಕೊಂಡ್ಲು. ಅವಳು ನಂಬಲಿಲ್ಲ.

ಅವಳು ಸುಮ್ಮನಿದ್ದಷ್ಟೂ ಊರು ಅವಳನ್ನ ಹೊಗಳ್ತು. ಕೊನೆಗೆ ಯಜಮಾನ ಒಂದು ತೀರ್ಮಾನಕ್ಕೆ ಬಂದ. ಊರಲ್ಲಿರೋ ಎಲ್ಲ ದನ, ಎಮ್ಮೆ, ಕುರಿ, ಮೇಕೆ, ಕೋಳಿ, ಎಲ್ಲದರ ಸಂಚೀನೂ ಬಿಚ್ಚಿಸಿ ಮಡಿಕೆಯವಳ ಕೈಲಿ ಮಡಿ ಮಾಡಿಸೋದು. ಒಬ್ಬ ನೆಂಟನ್ನೂ ಉಳಿಸಬಾರ್ದು. ಅದಕ್ಕೆ ಮುಂಚೆ ಅವಳಿಗೆ ಸನ್ಮಾನ.

ಸನ್ಮಾನದ ದಿನ ಅವಳನ್ನ ಮಣೆ ಮೇಲೆ ನಿಲ್ಲಿಸಿದ್ರು. ಕೊರಳಿಗೆ ಹಾರ ಹಾಕಿದ್ರು. ಎರಡು ಕೈಗೂ ಸೇರಿಸಿ ಒಂದು ದೊಡ್ಡ ಹಿತ್ತಾಳೆ ತಟ್ಟೆ ಕೊಟ್ರು, ಅದರ ತುಂಬ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ. ಕರು ಹಿಂದೆ ನಿಂತು ಸೆರಗು ಚೀಪ್ತಿತ್ತು. ಅದರ ಕಾಲು ನಡುಗ್ತಿತ್ತು. ಆ ನಡುಕ ಸೆರಗಿನಲ್ಲೇ ಬಂದು ಅವಳ ಹೆಗಲಿಗೆ ತಾಗ್ತಿತ್ತು.

"ಎರಡು ಮಾತಾಡಮ್ಮ" ಅಂದ ಯಜಮಾನ.

"ಮಡಿ ಕೆಡಿಸಿದ್ದು ನಾನೇ" ಅಂದ್ಲು ಅವಳು.

ಸಭೆ ಗುಸುಗುಸು ಅಂತು. ಯಜಮಾನ ಹತ್ರ ಬಂದು ಮೆತ್ತಗೆ, "ಏನಮ್ಮ, ಏನಾದ್ರೂ ಮೈಲಿಗೆ ಮುಟ್ಟಿದ್ಯಾ?" ಅಂದ. ಒಬ್ಬ ಹೆಂಗಸು ಓಡಿಹೋಗಿ ಚೊಂಬಲ್ಲಿ ನೀರು ತಂದು ಅವಳ ತಲೆ ಮೇಲೆ ಚಿಮುಕಿಸಿದ್ಲು.

"ಈಗ ಸರಿಹೋಯ್ತು" ಅಂದ ಯಜಮಾನ.

"ಸರಿಹೋಗಿಲ್ಲ ಯಜಮಾನ್ರೇ. ಮಡಿ ಮಾಡೋಕೆ ಹೋಗಿ ಮಡಿ ಕೆಡಿಸಿದೆ."

ಇನ್ನೊಂದು ಚೊಂಬು ನೀರು ಹಾಕಿದ್ರು.

"ಅಯ್ಯೋ, ಆ ಮಡಿ ಅಲ್ರೋ! ಮಡಿ! ಮಡಿ!"

ಮೂರನೇ ಚೊಂಬು ಬಂತು. ಹಾರದಿಂದ ನೀರು ತೊಟ್ಟಿಕ್ತಾ ಇತ್ತು. ತೋರಿಸೋಕೆ ಕೈ ಬೇಕು, ಕೈ ತುಂಬ ಸನ್ಮಾನ. ಅವಳು ಆ ಕಡೆ ಈ ಕಡೆ ನೋಡಿದ್ಲು, ಯಾರೂ ತಟ್ಟೆ ಇಸ್ಕೊಳ್ಳಲಿಲ್ಲ. ಕೈಬಿಟ್ಲು.

ತೆಂಗಿನಕಾಯಿ ಯಜಮಾನನ ಕಾಲ್ಬೆರಳ ಮೇಲೆ ಬಿತ್ತು. ತಟ್ಟೆ ಗರಗರ ತಿರುಗಿ ತಿರುಗಿ ನಿಂತಿತು. ಅದು ನಿಂತ ಮೇಲೆ ಅವಳು ಅಂಗೈ ಮೇಲೆ ಅಂಗೈ ಮಡಿಸಿ ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದ್ಲು. ಆಮೇಲೆ ಆ ಅಂಗೈಗಳನ್ನ ಬಿಚ್ಚಿ, ಬೆರಳು ಕೊಡವಿದ್ಲು.

ವಯಸ್ಸಾದೋರಿಗೆ ಮೊದಲು ಅರ್ಥವಾಯ್ತು. "ಒಗೆದು ನೆಂಟರನ್ನ ಕಿತ್ತಿದ್ದಕ್ಕೇ ಮಡಿಕೆ ಬಿಚ್ಚಿದೆ" ಅಂದ್ರು.

"ಎಲ್ಲಾ ಸುಳ್ಳು" ಅಂದ ಯಜಮಾನ, ಬೆರಳು ಹಿಡ್ಕೊಂಡು. "ನೆಂಟರಿಂದ ಮಡಿಕೆ ನಿಲ್ಲುತ್ತಾ? ನಮ್ಮ ಹೋರಿ ನೋಡು. ಏಳು ಊರಲ್ಲಿ ಅಂಥ ಹೋರಿ ಇಲ್ಲ. ಅದರ ಬಟ್ಟೇಲಿ ಒಬ್ಬ ನೆಂಟ ಇದ್ರೆ ನನ್ನ ಮೀಸೆ ಬೋಳಿಸ್ಕೊತೀನಿ."

ಅವಳು ಹೋರಿ ಹತ್ರ ಹೋದ್ಲು. ಕರು ಹಿಂದೆ ಹೋಯ್ತು. ಸಂಚಿ ಬಾಯಿ ಸಡಿಲಿಸಿ, ಬಟ್ಟೇನ ಒಂದೇ ಒಂದು ಮಡಿಕೆಯಷ್ಟು ಈಚೆ ಎಳೆದ್ಲು. ಅರ್ಧ ಬಟ್ಟೆ, ಅರ್ಧ ನೆಂಟರು. ಮಡಿಕೆ ತಿರುಗೋ ಜಾಗದಲ್ಲೆಲ್ಲ ಒಣಗಿದ ಮುದಿ ನೆಂಟರು ಒಬ್ಬರ ಕೈ ಒಬ್ಬರು ಹಿಡ್ಕೊಂಡು ಕೂತಿದ್ರು. ಕೊಕ್ಕೆ ಒಂದು ಚೂರು ಜರುಗಿದ್ದೇ ತಡ, ಏಳು ಊರಲ್ಲಿ ಇಲ್ಲದ ಹೋರಿಗೆ ನಿಲ್ಲೋದು ಹೇಗೆ ಅಂತ ಮರ್ತುಹೋಯ್ತು. ಕಾವಿಗೆ ಕೂತ ಕೋಳಿ ಹಾಗೆ ಕುಕ್ಕರಿಸಿ ಕೂತ್ಬಿಡ್ತು.

"ಮುಚ್ಚು, ಮುಚ್ಚು ತಾಯಿ!" ಅಂದ ಯಜಮಾನ.

ಮುಚ್ಚಿದ್ಲು. ಹೋರಿ ಎದ್ದು ನಿಂತು, ಏನೂ ಆಗಿಲ್ಲ ಅನ್ನೋ ಹಾಗೆ ಬಾಲ ಬೀಸ್ತು. ಮೀಸೆ ವಿಷಯ ಯಾರೂ ಎತ್ತಲಿಲ್ಲ. ಜನ ತಮ್ಮ ತಮ್ಮ ದನಗಳ ಸಂಚಿ ಮುಟ್ಟಿ ನೋಡ್ಕೊಂಡು, ಒಬ್ಬೊಬ್ಬರಾಗಿ ಮನೆ ಕಡೆ ಹೊರಟ್ರು.

ಎಮ್ಮೆಯಜ್ಜಿ ಮಾತ್ರ ನಿಂತಿದ್ಲು.

"ಯಾವತ್ತಿಂದ ಗೊತ್ತಿತ್ತು ನಿನಗೆ?"

"ಕುರಿಯವನನ್ನ ಓಡಿಸೋಕೆ ಮುಂಚಿಂದ."

"ಗೊತ್ತಿದ್ದೂ ಸುಮ್ನಿದ್ದೆ."

"ಹೂಂ ಅಜ್ಜಿ."

"ನಾನು ದಿನಾ ಅದರ ದವಡೆ ಬಿಡಿಸಿ ಹಾಲು ಹಿಂಡ್ತಿದ್ದೆ. ಅದು ನಿನ್ನ ಸೆರಗು ಚೀಪ್ತಾ ನಿನ್ನ ಹಿಂದೆ ತಿರುಗ್ತಿತ್ತಲ್ಲ, ನಿನಗೇನನ್ನಿಸ್ತು?"

"ಮುದ್ದು ಅನ್ನಿಸ್ತು ಅಜ್ಜಿ" ಅಂದ್ಲು.

ಅಜ್ಜಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಎಮ್ಮೆ ಹಗ್ಗ ಬಿಚ್ಚಿಕೊಂಡು, "ಕುರಿಯವನು ಯಾವ ಕಡೆ ಹೋದ?" ಅಂತ ಕೇಳಿದ್ಲು.

ಹೊರಟ್ರು. ಮುಂದೆ ಅಜ್ಜಿ, ಅಜ್ಜಿ ಹಿಂದೆ ಎಮ್ಮೆ, ಎಮ್ಮೆ ಹಿಂದೆ ಮಡಿಕೆಯವಳು, ಅವಳ ಸೆರಗು ಹಿಡಿದು ಕರು. ದಾರೀಲಿ ಕರು ಬಿತ್ತು. ಮಡಿಕೆಯವಳು ಎತ್ತಿ ಹೆಗಲ ಮೇಲೆ ಹಾಕ್ಕೊಂಡ್ಲು. ಅದು ಹಗುರವಾಗಿತ್ತು. ಅದು ಹಗುರವಾಗಿದ್ದಕ್ಕೇ ಅವಳಿಗೆ ಹೊರೋಕೆ ಆಗ್ತಿರಲಿಲ್ಲ.

ಕುರಿಯವನು ಗುಡ್ಡದ ಆಚೆ, ಮೊಣಕಾಲೆತ್ತರದ ಉತ್ತರಾಣಿ ಗಿಡಗಳ ಬಯಲಲ್ಲಿ ಮಂದೆ ಬಿಟ್ಟಿದ್ದ.

"ಅಣ್ಣ, ನಿನ್ನನ್ನ ಓಡಿಸಿದಾಗ ತಪ್ಪು ನಂದು ಅಂತ ನನಗೆ ಗೊತ್ತಿತ್ತು" ಅಂದ್ಲು ಮಡಿಕೆಯವಳು.

"ನನಗೂ ಗೊತ್ತಾಯ್ತಕ್ಕ. ಊರೆಲ್ಲ ನನ್ನ ಮುಖ ನೋಡಿ ಬೈತಿತ್ತು. ನೀನೊಬ್ಳೇ ನೆಲ ನೋಡ್ತಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಕುರಿಗಳು ಹೊರಟುಬಿಟ್ವು."

ಅವಳು ಕೈ ಮುಗಿದ್ಲು. "ಕಿತ್ತ ನೆಂಟರನ್ನ ನಾನು ಒಲೆಗೆ ಹಾಕಿದೆ. ಯಾರು ಎಲ್ಲಿ ಕೂತಿದ್ರು ಅಂತಲೂ ನೋಡ್ಲಿಲ್ಲ. ನಿನ್ನ ಹತ್ರ ಇದ್ರೆ ಕೊಡು, ಮತ್ತೆ ಅಂಟಿಸ್ತೀನಿ."

"ಅಂಟಿಸೋಕೆ ನಾನ್ಯಾರು, ನೀನ್ಯಾರು? ಬಟ್ಟೆ ಹಾಸು. ಕುರಿ ದಾಟ್ಲಿ. ಬರೋರು ಬರ್ತಾರೆ." ಕುರಿಯವನು ಮತ್ತೆ ಅಂದ, "ಒಂದು ಮಾತು. ಬರೋರೆಲ್ಲ ಒಳ್ಳೇವ್ರೇ ಅಂತ ತಿಳ್ಕೋಬೇಡ. ಹೋದ ವರ್ಷ ಒಬ್ಬ ಬಂದು ಸರಿಯಾಗಿ ಉಸಿರಿನ ಬೊಟ್ಟಿನ ಮೇಲೇ ಕೂತ. ಮರಿ ಉಳೀಲಿಲ್ಲ. ಉಳಿದೋರು ಕೂತು ಕೂತು ಮನೆಯವರಾಗ್ತಾರೆ. ಯಾರು ಯಾವ ಥರ ಅಂತ ಮುಂಚೆ ಹೇಳೋಕೆ ಆಗಲ್ಲ."

ಮಡಿಕೆಯವಳು ಅಜ್ಜಿ ಮುಖ ನೋಡಿದ್ಲು. "ಹಾಸು" ಅಂದ್ಲು ಅಜ್ಜಿ.

ಅವಳು ಸಂಚಿ ಬಿಚ್ಚಿದ್ಲು. ಕರು ಅವಳ ಸೆರಗು ಬಿಟ್ಟು ನೆಲಕ್ಕೊರಗಿತು. ಬಟ್ಟೇನ ಗಿಡಗಳ ಮೇಲೆ ಉದ್ದಕ್ಕೆ ಹಾಸಿದ್ರು. ಕುರಿಗಳು ದಾಟಿದ್ವು. ಬಟ್ಟೆ ಮೇಲೆ ಉಣ್ಣೆ ಸವರಿಕೊಂಡು, ಬ್ಯಾ ಅನ್ಕೊಂಡು, ಒಂದೆರಡು ಹಿಕ್ಕೆ ಹಾಕ್ಕೊಂಡು ದಾಟಿದ್ವು. ನೆಂಟರು ಬಂದ್ರು. ಒಬ್ಬ ಬಂದ, ಇಬ್ಬರು ಬಂದ್ರು, ಆಮೇಲೆ ಎಣಿಸೋದು ಬಿಟ್ರು. ನೆಗೆದ್ರು, ಕೂತ್ರು, ಎದ್ರು, ಇನ್ನೊಂದು ಕಡೆ ಕೂತ್ರು. ಒಬ್ಬ ಹಾರಿ ನಾಲಿಗೆ ಬೊಟ್ಟಿನ ಅಂಚಲ್ಲಿ ಕೂತಾಗ ಅವಳ ಉಗುರು ತಾನಾಗಿ ಮುಂದೆ ಹೋಯ್ತು. ಕುರಿಯವನು ಕೆಮ್ಮಿದ. ಕೈ ಹಿಂದೆ ತಗೊಂಡ್ಲು.

ಕೊಕ್ಕೆ ಕೊಕ್ಕೆ ಹುಡುಕ್ಕೊಂಡ್ವು. ಬಟ್ಟೆ ಎಲ್ಲಿ ಬಾಗ್ತೋ ಅಲ್ಲಿ ಅವಳು ಮಡಿಸಿದ್ಲು. ಬಾಗದ ಕಡೆ ಮಡಿಸಲಿಲ್ಲ. ಅಂಚಿಗೆ ಅಂಚು ಸೇರಲಿಲ್ಲ. ಉಬ್ಬು ತಗ್ಗು, ಸೊಟ್ಟ ಪಟ್ಟ. ಹಾಲಿನ ಬೊಟ್ಟು ನಾಲಿಗೆ ಬೊಟ್ಟಿಗೆ ಪೂರ್ತಿ ತಾಗಲಿಲ್ಲ. ಹತ್ರ ಬಂತು. ಪಕ್ಕದ ಮನೆಯಿಂದ ಕೂಗಿದ್ರೆ ಕೇಳಿಸೋಷ್ಟು ಹತ್ರ.

ಸಂಚಿ ಕಟ್ಟಿದ್ರು. ಕರು ಕಣ್ಣು ಬಿಡ್ತು. ಎದ್ದು, ಮೊದಲು ಒಂದು ಕುರಿ ಹತ್ರ ಹೋಯ್ತು. ಕರು ಮೂಸಿ ಈ ಕಡೆ ತಿರುಗಿ, ಎಮ್ಮೆ ಹತ್ರ ಬಂದು, ಕುರಿಮರಿ ಹಾಗೆ ಮುಂಗಾಲು ಮಡಿಸಿ ಮಂಡಿ ಊರಿ, ಕೆಚ್ಚಲಿಗೆ ಬಾಯಿ ಹಾಕ್ತು. ಯಾವ ಎಮ್ಮೆ ಕರೂನೂ ಹಾಗೆ ಮಂಡಿ ಊರಿ ಕುಡಿದಿದ್ದು ಯಾರೂ ನೋಡಿರಲಿಲ್ಲ. ಎಮ್ಮೆ ಕೂಡ ಒಂದು ಸಲ ಬಗ್ಗಿ ನೋಡ್ತು. ಆಮೇಲೆ ಸುಮ್ಮನಾಯ್ತು.

"ಕುಡೀತು" ಅಂದ್ಲು ಅಜ್ಜಿ. ಕರು ಹೊಟ್ಟೆ ತುಂಬಿದ ಮೇಲೆ ಎಮ್ಮೆ ಹಗ್ಗ ಹಿಡಿದು ಊರ ಕಡೆ ನಡೆದ್ಲು. ಕರು ತಾಯಿ ಹಿಂದೆ ಹೋಯ್ತು. ಮೂರು ಚೊಂಬು ನೀರಿಂದ ಕರು ಬದುಕ್ತು ಅಂತ ಆ ಊರವರು ಇವತ್ತಿಗೂ ಹೇಳ್ತಾರಂತೆ.

ಮಡಿಕೆಯವಳು ಬಯಲಲ್ಲೇ ಕೂತಿದ್ಲು. ಸೆರಗನ್ನ ಯಾರೂ ಎಳೀತಿರಲಿಲ್ಲ. ಎಳೀತಿದ್ದಾಗ ತಪ್ಪು ಹಿಂದೆ ಇತ್ತು, ತಿರುಗಿ ನೋಡಿದ್ರೆ ಕಾಣ್ತಿತ್ತು. ಈಗ ಎಲ್ಲಿದೆ ಅಂತ ಗೊತ್ತಾಗಲಿಲ್ಲ, ಇದೆ ಅನ್ನೋದು ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಮಂದೇಲಿ ಒಂದು ಕುರಿ ಮರಿ ಹಾಕ್ತು. ಕುರಿಯವನು ಹುಟ್ಟುಬಟ್ಟೆ ಸುತ್ತಿ ತಂದು ಅವಳ ಮುಂದೆ ಹಿಡಿದ.

"ನನ್ನ ಕೈಗೆ ಕೊಡಬೇಡಣ್ಣ" ಅಂತ ಅವಳು ಎದ್ದು ಹಿಂದೆ ಸರಿದ್ಲು.

"ಇನ್ಯಾರ ಕೈಗೆ ಕೊಡ್ಲಿ? ಕಿತ್ರೆ ಏನಾಗುತ್ತೆ ಅಂತ ಬೇರೆ ಮಡಿಕೆಯವರಿಗ್ಯಾರಿಗೂ ಗೊತ್ತಿಲ್ಲ" ಅಂದ ಕುರಿಯವನು.

ಅವಳು ಮತ್ತೆ ಕೂತ್ಲು. ಬಟ್ಟೆ ಮಡಿಲಲ್ಲಿ ಹರಡಿಕೊಂಡ್ಲು. ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೇ ಕೂತಿದ್ಲು.

"ಯಾಕಕ್ಕ ಸುಮ್ನೆ ಕೂತೆ? ಮರಿ ಏಳೋಕೆ ನೋಡ್ತಿದೆ."

"ತಡಿಯಣ್ಣ" ಅಂದ್ಲು. "ನೆಂಟರು ಇನ್ನೂ ಕೂರ್ತಾ ಇದಾರೆ."